ಅಪರೂಪ ಎಂದರೆ ಎಷ್ಟು

ನಮ್ಮ ಮನೆಯಲ್ಲಿ ‘ಅಪರೂಪ’ ಎಂಬುದು ಒಳ್ಳೆಯ ಶಬ್ದವಾಗಿತ್ತು. ಅಪ್ಪ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಶಂಕರಪುರದ ಪೇಟೆಗೆ ಹೊರಟರೆ ಎದುರಿಗೆ ಸಿಕ್ಕವರೆಲ್ಲ, “ಎಂತ ಮಾರಾಯ್ರೆ, ಅಪರೂಪ!” ಎನ್ನುತ್ತಿದ್ದರು. ಅಪ್ಪನ ಕೈ ಹಿಡಿದು ನಡೆಯುತ್ತಿದ್ದ ನನಗೆ ಆ ಮಾತು ಕೇಳಿದಾಗಲೆಲ್ಲ ನಾವು ಯಾರೋ ದೊಡ್ಡ ಜನ ಅನಿಸುತ್ತಿತ್ತು. ಮಳೆಗಾಲದಲ್ಲಿ ಒಳ್ಳೆಯ ಅಂಜಲ್ ಮೀನು ಸಿಕ್ಕಿದರೆ ಅದು ಅಪರೂಪ. ನಮ್ಮ ಗಿಡದ ಮಲ್ಲಿಗೆಗೆ, ಹೂ ಹೆಚ್ಚಾಗುವ ಬೇಸಿಗೆಯಲ್ಲೂ, ದರ ಇಳಿಯದಿದ್ದರೆ ಅದೂ ಅಪರೂಪ. ಮನೆಯೊಳಗೆ ನಾವು ಮಾತಾಡುವುದು ತುಳು. ಆದರೂ ಈ ಶಬ್ದ ಎರಡೂ ಭಾಷೆಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಮ್ಮ ಯಾರ ಹತ್ತಿರ ಮಾತಾಡುವಾಗಲೂ ಅದನ್ನು ಧೈರ್ಯವಾಗಿ ಬಳಸುತ್ತಿದ್ದರು.

ಅದೇ ಶಬ್ದವನ್ನು ಅಮ್ಮ ನನ್ನ ಕಾಯಿಲೆಗೆ ಹಚ್ಚಿದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ.

ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ. ಅಮ್ಮ, ನೆರೆಮನೆಯ ದೊಡ್ಡಮ್ಮ ಮತ್ತು ನಾನು ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದೆವು. ಹೂ ಕೊಂಡುಹೋಗುವ ರಿಕ್ಷಾ ಬರುವ ಹೊತ್ತಾಗಿದ್ದರಿಂದ ಯಾರೂ ತಲೆಯೆತ್ತುತ್ತಿರಲಿಲ್ಲ. ಬಾಳೆನಾರಿಗೆ ಒಂದು ಗಂಟು ಹಾಕಿ ಇನ್ನೊಂದಕ್ಕೆ ಕೈ ಹೋಗುವಷ್ಟರಲ್ಲಿ ನಾಲಿಗೆಯ ಮೇಲೆ ನಾಣ್ಯ ಇಟ್ಟಂಥ ಒಂದು ರುಚಿ ಬಂತು. ನನಗೆ ನೆನಪಿರುವುದು ಅಷ್ಟೇ.

ಕಣ್ಣು ಬಿಟ್ಟಾಗ ಮೇಲೆ ಮೂರು ಮುಖಗಳಿದ್ದವು. ಅಮ್ಮ, ದೊಡ್ಡಮ್ಮ ಮತ್ತು ರಿಕ್ಷಾದವನು. ನನ್ನ ಮುಷ್ಟಿಯೊಳಗೆ ದೊಡ್ಡಮ್ಮನ ಕಪಾಟಿನ ಬೀಗದ ಕೈಗೊಂಚಲು ಇತ್ತು. ಅಂಗೈಯಲ್ಲಿ ಅದರ ಹಲ್ಲುಗಳ ಗುರುತು ಮೂಡಿತ್ತು. ನನ್ನ ಮೈ ಕೆಳಗೆ ಅರ್ಧ ಬುಟ್ಟಿ ಮೊಗ್ಗು ಅಪ್ಪಚ್ಚಿಯಾಗಿತ್ತು. ಲಂಗ ಒದ್ದೆಯಾಗಿತ್ತು. ಅಮ್ಮ ಮೈ ಒರೆಸುವ ಬೈರಾಸು ಎಳೆದು ನನ್ನ ಸೊಂಟದ ಮೇಲೆ ಹಾಕಿದರು.

“ಎಂತ ಆದದ್ದು?” ಎಂದು ಕೇಳಿದೆ.

“ಎಂತ ಇಲ್ಲ ಮಗಾ. ತಲೆ ತಿರುಗಿದ್ದು.”

ರಿಕ್ಷಾದವನು, “ಫಿಟ್ಸ್ ಅಕ್ಕಾ ಅದು. ನಮ್ಮ ಭಾವನಿಗೆ ಉಂಟು” ಎಂದ. ಅಮ್ಮ ಅವನ ಕಡೆ ತಿರುಗಿದ ರೀತಿಗೆ ಅವನು ಹೂವಿನ ಕಟ್ಟು ಎತ್ತಿಕೊಂಡು ಹೋದ.

ಆಮೇಲೆ ಶಾಲೆಯಲ್ಲಿ ಒಮ್ಮೆ ಬಿದ್ದೆ. ಕಾಪುವಿನ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಮ್ಮೆ. ಅಲ್ಲಿ ಯಾರೋ ಈರುಳ್ಳಿ ತಂದು ಮೂಗಿಗೆ ಹಿಡಿದಿದ್ದರಂತೆ, ಯಾರೋ ಚಪ್ಪಲಿ. ಯಾವುದನ್ನೂ ನಾನು ನೋಡಿಲ್ಲ. ನನ್ನ ಕಾಯಿಲೆಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಬೇರೆಯವರು ನೋಡಿ ಹೇಳಿದ್ದು, ಇಲ್ಲವೇ ನೋಡಿ ಹೇಳದೆ ಬಿಟ್ಟದ್ದು. ಎಚ್ಚರವಾದ ಮೇಲೆ ಸುತ್ತಲಿನವರ ಮುಖದಲ್ಲಿ ಏನು ಉಳಿದಿರುತ್ತಿತ್ತೋ ಅದರಿಂದ ನಾನು ಎಷ್ಟು ಕೆಟ್ಟದಾಗಿ ಬಿದ್ದಿದ್ದೇನೆ ಎಂದು ಅಂದಾಜು ಮಾಡಬೇಕಿತ್ತು.

ಅಮ್ಮ ನನ್ನನ್ನು ಉಡುಪಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರು, ಒಳ್ಳೆಯವರು. ಅವರ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಹೊರಗೆ ಬೆಂಚಿನಲ್ಲಿ ಕುಳಿತವರಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅಲ್ಲಿ ನಮ್ಮ ಕಡೆಯವರು ಒಬ್ಬಿಬ್ಬರು ಇದ್ದೇ ಇರುತ್ತಿದ್ದರು.

“ಎಷ್ಟು ಸಲ ಬರ್ತದೆ ಇದು?” ಎಂದು ಡಾಕ್ಟರು ಕೇಳಿದರು.

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ, “ಅಪರೂಪಕ್ಕೆ ಡಾಕ್ಟ್ರೆ” ಎಂದರು. ಅಪ್ಪ ಬಂದಾಗ ಪೇಟೆಯ ಜನ ಹೇಳುತ್ತಿದ್ದ ಶಬ್ದವೇ. ನನಗೆ ವಿಚಿತ್ರವೆನಿಸಿತು. ಡಾಕ್ಟರು ಬೆಳಿಗ್ಗೆಗೊಂದು ಮಾತ್ರೆ ಬರೆದರು. ಮತ್ತೆ ಹೋದಾಗಲೆಲ್ಲ ಅವರು “ಈಗ ಹೇಗುಂಟು?” ಎನ್ನುವುದು, ಅಮ್ಮ “ಅಪರೂಪ” ಎನ್ನುವುದು, ಅವರು “ಒಳ್ಳೇದಾಯ್ತು” ಎಂದು ಅದೇ ಮಾತ್ರೆಯನ್ನು ಮುಂದುವರಿಸುವುದು. ಎಷ್ಟೋ ವರ್ಷ ಹೀಗೆ ನಡೆಯಿತು.

ಪಿಯುಸಿಗೆ ಬಂದ ಮೇಲೆ ಇನ್ನೊಂದು ಶುರುವಾಗಿತ್ತು. ಕೆಲವು ದಿನ ಬೆಳಿಗ್ಗೆ ಏಳುವಾಗ ಮೈಕೈಯೆಲ್ಲ ಒನಕೆಯಿಂದ ಕುಟ್ಟಿದ ಹಾಗೆ ನೋಯುತ್ತಿತ್ತು. ನಾಲಿಗೆಯ ಅಂಚು ಹರಿದಿರುತ್ತಿತ್ತು. ಹಾಸಿಗೆ ಒದ್ದೆಯಾಗಿರುತ್ತಿತ್ತು. ಅದೂ ಇದೇ ಕಾಯಿಲೆ ಎಂದು ನನಗೆ ಹೊಳೆಯಲಿಲ್ಲ. ಹದಿನೇಳು ವರ್ಷದ ಹುಡುಗಿ ಸಣ್ಣ ಮಗುವಿನಂತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾಳೆ ಎಂಬುದಷ್ಟೇ ನನಗೆ ಕಂಡದ್ದು. ಅಮ್ಮ ಮೊಗ್ಗು ಕೊಯ್ಯಲು ಗಿಡಗಳ ಕಡೆ ಹೋದ ಕೂಡಲೇ ಬೆಡ್‌ಶೀಟು ಸುತ್ತಿಕೊಂಡು ಬಾವಿಕಟ್ಟೆಗೆ ಓಡುತ್ತಿದ್ದೆ. ಒಗೆದು, ಮನೆಯ ಹಿಂದೆ ಸೌದೆ ಕೊಟ್ಟಿಗೆಯ ಮರೆಯಲ್ಲಿ ಹರವುತ್ತಿದ್ದೆ. ಕೇಳಿದರೆ ಹೇಳಲು ಮುಟ್ಟಿನ ನೆವ ಸಿದ್ಧವಿತ್ತು. ಯಾರೂ ಕೇಳಲಿಲ್ಲ. ನಾಲಿಗೆ ಉರಿಯುವ ದಿನ ಸಾರಿಗೆ ಮೊಸರು ಬೆರೆಸಿಕೊಂಡು ಉಣ್ಣುತ್ತಿದ್ದೆ. ಅದನ್ನೂ ಯಾರೂ ಕೇಳಲಿಲ್ಲ.

ಬಿಕಾಂ ಮುಗಿದ ಮೇಲೆ ಕಾಪುವಿನ ಒಂದು ಪ್ರೆಸ್ಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬಿಲ್ ಪುಸ್ತಕ. ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಒಂದು ಮಧ್ಯಾಹ್ನ ಅಲ್ಲಿಯೂ ಬಿದ್ದೆ. ಮದುವೆ ಕಾಗದ ಮಾಡಿಸಲು ಬಂದಿದ್ದ ಒಂದು ಕುಟುಂಬದ ಎದುರು. ಪ್ರೆಸ್ಸಿನ ಯಜಮಾನರು ತಾವೇ ರಿಕ್ಷಾದಲ್ಲಿ ಮನೆಗೆ ತಂದು ಬಿಟ್ಟು, “ಪೂರ್ತಿ ಹುಷಾರಾದ ಮೇಲೆ ಬಾ, ಅವಸರ ಇಲ್ಲ” ಎಂದರು. ಅವರು ಮನಸ್ಸಿನಿಂದಲೇ ಹಾಗೆ ಅಂದಿದ್ದರೇನೋ. ನಾನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಕೊನೆಯ ಸಂಬಳ ತರಲು ಅಮ್ಮನನ್ನೇ ಕಳುಹಿಸಿದೆ.

ಅದಾಗಿ ಸ್ವಲ್ಪ ಸಮಯಕ್ಕೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆಯಲ್ಲಿ ತಾಯಿ ಮತ್ತು ಮಗ ಇಬ್ಬರೇ. ನೋಡಲು ಬಂದ ದಿನ ಅಪ್ಪ ಮಸ್ಕತ್ತಿನಲ್ಲಿದ್ದರು. ನಾನು ಶರಬತ್ತು ಕೊಟ್ಟು ಒಳಬಾಗಿಲಿನ ಹತ್ತಿರ ನಿಂತಿದ್ದೆ. ಕಾಯಿಲೆಯ ವಿಷಯ ಹೇಳದೆ ಮಗಳನ್ನು ಕೊಡುವ ಮನಸ್ಸು ಅಮ್ಮನಿಗಿರಲಿಲ್ಲ. ಹೇಳಿದರೆ ಅವರು ಎದ್ದು ಹೋಗುತ್ತಾರೆಂಬ ಹೆದರಿಕೆಯೂ ಇತ್ತು. ಎರಡರ ನಡುವೆ ಅವರಿಗೆ ಸಿಕ್ಕಿದ ದಾರಿ ಅದೊಂದೇ ಶಬ್ದ.

“ಸಣ್ಣದಿರುವಾಗ ಇವಳಿಗೆ ತಲೆ ತಿರುಗುವುದಿತ್ತು. ಮಾತ್ರೆ ಉಂಟು. ಈಗ ಅಪರೂಪ” ಎಂದರು.

ಹುಡುಗನ ತಾಯಿ ಶರಬತ್ತಿನ ಲೋಟ ಕೆಳಗಿಟ್ಟು, “ಅಪರೂಪ ಅಲ್ವಾ? ಅದೆಲ್ಲ ಯಾರಿಗಿಲ್ಲ? ನನಗೂ ಬಿಸಿಲಿಗೆ ಹೋದರೆ ತಲೆ ತಿರುಗ್ತದೆ” ಎಂದರು.

ಮಾತು ಮುಗಿಯಿತು. ಆಮೇಲೆ ಒಂದು ದಿನ ಹುಡುಗ ಫೋನಿನಲ್ಲಿ ಕೇಳಿದರು. “ನಿಮ್ಮ ಅಮ್ಮ ಅಂದದ್ದು ಎಂತ ಅದು, ತಲೆ ತಿರುಗುವುದು?” ನಾನು, “ಎಂತ ಇಲ್ಲ, ಅಪರೂಪಕ್ಕೆ” ಎಂದೆ. ಅದೇ ಮೊದಲ ಸಲ ಆ ಶಬ್ದ ನನ್ನ ಬಾಯಿಂದ ಬಂದದ್ದು. ಬಂದದ್ದು ಎಷ್ಟು ಸಲೀಸಾಗಿ ಎಂದರೆ, ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ನಾನೇ ಅದನ್ನು ನಂಬಿದೆ.

ಮದುವೆಯಾಗಿ ಕಾರ್ಕಳಕ್ಕೆ ಹೋದ ಮೇಲೆ ತಿಂಗಳೊಳಗೆ ಅಡುಗೆಮನೆಯಲ್ಲಿ ಬಿದ್ದೆ. ಮಿಕ್ಸಿಯಲ್ಲಿ ತೆಂಗಿನಕಾಯಿ ಅರೆಯುತ್ತಿದ್ದೆ. ಎಚ್ಚರವಾದಾಗ ಅತ್ತೆ ಜಗಲಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತೆಯ ಧ್ವನಿ ದೊಡ್ಡದು. ಅಂಗಡಿಯ ಪಂಪಿನ ಸದ್ದಿನ ನಡುವೆ ಮೊದಲು ಗಂಡನ ಜೊತೆ, ಆಮೇಲೆ ಮಗನ ಜೊತೆ ಮಾತಾಡಿ ಮಾತಾಡಿ ಹಾಗಾದದ್ದು. ಆ ದಾರಿಯ ನಾಲ್ಕಾರು ಮನೆಗೆ ಕೇಳುವಂತೆ, “ಅಪರೂಪ ಅಂದ್ರಿ ಅಲ್ವಾ ನೀವು? ಇದಕ್ಕೆ ಅಪರೂಪ ಅಂತಾರಾ? ನನ್ನ ಕೈಕಾಲು ಬಿದ್ದು ಹೋಯ್ತು ನೋಡಿ!” ಎನ್ನುತ್ತಿದ್ದರು. ಆಚೆ ಕಡೆ ಅಮ್ಮ ಏನು ಹೇಳಿದರೋ, ನನಗೆ ಕೇಳಲಿಲ್ಲ. ನನ್ನ ಸೀರೆ ಒದ್ದೆಯಾಗಿತ್ತು. ಎದ್ದು ಬಚ್ಚಲಿಗೆ ಹೋಗಬೇಕಾದರೆ ಜಗಲಿಯಿಂದ ಕಾಣುವ ಹಾಗೆ ನಡುಮನೆ ದಾಟಬೇಕಿತ್ತು. ಫೋನ್ ಮುಗಿಯುವ ತನಕ ಅಲ್ಲಿಯೇ ಕುಳಿತಿದ್ದೆ.

ರಾತ್ರಿಯದ್ದು ಇವರಿಗೆ ಮೊದಲೇ ಗೊತ್ತಾಗಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವವರಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಬೆಳಿಗ್ಗೆ ನಾನು ಏಳುವ ಮೊದಲೇ ಬೆಡ್‌ಶೀಟು ಬದಲಾಗಿತ್ತು. ಇವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ತಾಯಿಗೂ ಹೇಳಲಿಲ್ಲ. ಪೇಟೆಗೆ ಹೋದಾಗ ಒಂದು ರಬ್ಬರ್ ಶೀಟು ತಂದು ಹಾಸಿಗೆಯ ಕೆಳಗೆ ಹಾಕಿದ್ದರು. ಅದು ನನಗೆ ಸಿಕ್ಕಿದ ದಿನ ಸಂತೋಷಪಡಬೇಕಿತ್ತೋ ಏನೋ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅತ್ತೆಯೇ ಹಟ ಹಿಡಿದು ಮಣಿಪಾಲದ ಡಾಕ್ಟರಿಗೆ ತೋರಿಸುವುದೆಂದು ತೀರ್ಮಾನಿಸಿದರು. “ನಿಮ್ಮ ಅಮ್ಮನೂ ಬರಲಿ. ಅವರ ಎದುರೇ ಕೇಳುವ” ಎಂದರು. ಹಾಗೆ ಒಂದು ಬೆಳಿಗ್ಗೆ ನಾವು ಮೂವರು ಕಾರ್ಕಳದಿಂದ, ಅಮ್ಮ ಶಂಕರಪುರದಿಂದ ಹೊರಟು ಮಣಿಪಾಲದಲ್ಲಿ ಸೇರಿದೆವು. ಅಮ್ಮ ಹೊಸ ಸೀರೆ ಉಟ್ಟಿದ್ದರು. ಅತ್ತೆಗೆಂದು ಮಲ್ಲಿಗೆಯ ಒಂದು ಕಟ್ಟು ತಂದಿದ್ದರು. ಅತ್ತೆ ಅದನ್ನು ತೆಗೆದುಕೊಂಡು ಮುಡಿಯದೆ ಚೀಲಕ್ಕೆ ಹಾಕಿಕೊಂಡರು.

ಡಾಕ್ಟರು ಧಾರವಾಡ ಕಡೆಯ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಾಗಿಲು ಹಾಕಿಸಿ, ನಾಲ್ಕು ಜನ ಒಳಗೆ ಬಂದದ್ದನ್ನು ನೋಡಿ ಇನ್ನೊಂದು ಕುರ್ಚಿ ತರಿಸಿದರು.

“ಎಷ್ಟು ದಿನಕ್ಕೊಮ್ಮೆ ಬರತೈತ್ರಿ?”

“ಅಪರೂಪಕ್ಕೆ” ಎಂದರು ಅಮ್ಮ.

“ಎಂತ ಅಪರೂಪ? ಆಗಾಗ ಬೀಳ್ತಾಳೆ ಡಾಕ್ಟ್ರೆ” ಎಂದರು ಅತ್ತೆ. “ನಮಗೆ ಸುಳ್ಳು ಹೇಳಿ ಕೊಟ್ಟದ್ದು.”

“ಸುಳ್ಳು ಹೇಳ್ಲಿಲ್ಲ ನಾನು. ಮಾತ್ರೆ ಉಂಟು ಅಂತ ಹೇಳಿದ್ದೇನೆ.”

“ಅಪರೂಪ ಅಂದ್ರಿ.”

“ನಮ್ಮಲ್ಲಿರುವಾಗ ಅಪರೂಪವೇ ಇತ್ತು!”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಪರೂಪ ಅಂದ್ರ ಎಷ್ಟ್ರಿ? ಆಗಾಗ ಅಂದ್ರ ಎಷ್ಟು? ನಾ ಆಗಾಗ ಊರಿಗೆ ಹೋಗ್ತೀನಿ, ಅಂದ್ರ ಮೂರು ತಿಂಗಳಿಗೊಮ್ಮೆ. ಆಗಾಗ ಚಾ ಕುಡೀತೀನಿ, ಅಂದ್ರ ತಾಸಿಗೊಮ್ಮೆ. ನೀವಿಬ್ರೂ ಹೇಳೋ ಮಾತು ನೋಡಿ ನಾ ಗುಳಿಗಿ ಬರಿಯೂ ಹಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಹೇಳ್ರಿ” ಎಂದರು.

ಎಷ್ಟು ಸಲ ಎಂದು ಆ ತನಕ ನನ್ನನ್ನು ಯಾರೂ ಕೇಳಿರಲಿಲ್ಲ. “ನಾನು ನೋಡಿಲ್ಲ” ಎಂದೆ. ಹೇಳಿದ ಮೇಲೆ ಅದು ಎಷ್ಟು ಪೆದ್ದು ಮಾತು ಅನಿಸಿತು. ಡಾಕ್ಟರು ನಗಲಿಲ್ಲ.

“ಖರೇ ಐತಿ, ನೀವು ಹೆಂಗ ನೋಡ್ತೀರಿ? ಬೆಳಿಗ್ಗೆ ಎದ್ದಾಗ ಮೈಕೈ ನೋವು? ನಾಲಿಗಿ ಕಡಕೊಂಡಿರೋದು? ಹಾಸಿಗಿ ಒದ್ದಿ ಆಗೋದು?”

ನಾನು ತಲೆ ತಗ್ಗಿಸಿದೆ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅತ್ತೆ, ಹಿಂದೆ ಇವರು. ಈ ಹೆಂಗಸು ನನ್ನನ್ನು ಕಂಡು ಹತ್ತು ನಿಮಿಷವೂ ಆಗಿಲ್ಲ, ಸೌದೆ ಕೊಟ್ಟಿಗೆಯ ಮರೆಯಲ್ಲಿ ಹರವಿದ್ದನ್ನೆಲ್ಲ ತಂದು ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು.

“ಹೌದು” ಎಂದೆ. “ವಾರ ತಪ್ಪುವುದಿಲ್ಲ.”

ಅತ್ತೆ ಮಗನ ಕಡೆ ನೋಡಿದರು. ಇವರು ನೆಲ ನೋಡಿದರು. ಅದರಿಂದಲೇ ಅತ್ತೆಗೆ ಮಗನೂ ಮುಚ್ಚಿಟ್ಟಿದ್ದಾನೆಂದು ತಿಳಿಯಿತು. ಅಮ್ಮ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅದೂ ಫಿಟ್ಸೇ, ನಿದ್ದೆಯಲ್ಲಿ ಬರುವಂಥದ್ದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೆಲವು ಪರೀಕ್ಷೆ ಬರೆದರು; ಮಾತ್ರೆ ಬದಲಿಸಿ ರಾತ್ರಿಗೂ ಒಂದು ಸೇರಿಸಿದರು. ಬಿದ್ದಾಗ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಏನಾದರೂ ತುರುಕುವುದು ಮಾಡಬಾರದು ಎಂದು ಅತ್ತೆಗೆ ಹೇಳಿಕೊಟ್ಟರು. “ಸಾಧ್ಯ ಆದ್ರ ಫೋನಿನ್ಯಾಗ ಒಂದು ವಿಡಿಯೋ ಮಾಡ್ಕೊಂಡು ಬರ್ರಿ. ನಾ ನೋಡಿದ್ರ ಛಲೋ ತಿಳಿತೈತಿ.”

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಮ್ಮ ನಮ್ಮಿಂದ ದೂರ ನಿಂತರು. ಉಡುಪಿಯ ಬಸ್ಸು ಬಂದಾಗ ಹತ್ತಿದರು. ನಮ್ಮ ಕಡೆಯ ಕಿಟಕಿಯ ಹತ್ತಿರ ಸೀಟಿದ್ದರೂ ಆಚೆ ಬದಿಗೆ ಹೋಗಿ ಕುಳಿತರು.

ಹೊಸ ಮಾತ್ರೆ ಮೈಗೆ ಹೊಂದುವುದಕ್ಕೆ ಸಮಯ ಬೇಕೆಂದು ಹೇಳಿದ್ದರು. ಆ ನಡುವೆ ಒಂದು ದಿನ ಊಟವಾದ ಮೇಲೆ ನಡುಮನೆಯಲ್ಲಿ ಬಿದ್ದೆ. ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಡಾಕ್ಟರು ಹೇಳಿದಂತೆ ಅತ್ತೆ ನನ್ನನ್ನು ಮಗ್ಗುಲಿಗೆ ಹೊರಳಿಸಿ, ಫೋನ್ ತೆಗೆದು ವಿಡಿಯೋ ಮಾಡಿದರು. ಅದನ್ನು ಮಗನಿಗೆ ಕಳುಹಿಸಲು ಹೋಗಿ ಕುಟುಂಬದ ಗ್ರೂಪಿಗೆ ಕಳುಹಿಸಿಬಿಟ್ಟರು. ಬೆಳಿಗ್ಗೆ ಎಲ್ಲರೂ ದೇವರ ಫೋಟೋ ಹಾಕುವ, ಯಾರ ಮಗು ಎಷ್ಟು ಮಾರ್ಕು ತೆಗೆದಿದೆ ಎಂದು ಹೇಳುವ ಗ್ರೂಪು ಅದು. ಮುಂಬಯಿಯ ಚಿಕ್ಕಪ್ಪಂದಿರಿಂದ ಹಿಡಿದು ದುಬೈಯ ಮೈದುನಂದಿರ ತನಕ ಎಲ್ಲರೂ ಇದ್ದರು.

ತಪ್ಪು ಗೊತ್ತಾದಾಗ ಅತ್ತೆ ಗಾಬರಿಯಿಂದ ಅಳಿಸಿದರು. ಅಳಿಸಿದ್ದು ಅವರ ಫೋನಿನಿಂದ ಮಾತ್ರ. ಸಂಜೆ ಇವರು ಅಂಗಡಿಯಿಂದ ಓಡಿ ಬಂದು ನೋಡುವಾಗ ಕೆಳಗೆ ಕೈಮುಗಿದ ಚಿತ್ರಗಳ ಸಾಲೇ ಇತ್ತು. ಒಬ್ಬರು, ‘ಬೇಗ ಗುಣವಾಗಲಿ’. ಇನ್ನೊಬ್ಬರು, ‘ಪಾಪ. ಇದು ಆಗಾಗ ಬರ್ತದಾ?’

ಇವರು ಫೋನ್ ಕೊಡುವುದಿಲ್ಲವೆಂದರೂ ನಾನು ಕಸಿದುಕೊಂಡು ನೋಡಿದೆ. ಅಷ್ಟು ವರ್ಷ ನನಗೆ ಆಗುತ್ತಿದ್ದದ್ದನ್ನು ನಾನು ಕಂಡದ್ದು ಆಗಲೇ. ನೈಟಿ ಮೊಣಕಾಲ ಮೇಲೆ ಹೋಗಿತ್ತು. ಬಾಯಿಯ ಬದಿಯಲ್ಲಿ ನೊರೆ. ಕಣ್ಣು ತೆರೆದೇ ಇತ್ತು, ಅದರೊಳಗೆ ನಾನಿರಲಿಲ್ಲ. ಒಂದು ಕೈ ನೆಲಕ್ಕೆ ಬಡಿಯುತ್ತಲೇ ಇತ್ತು. ರಿಕ್ಷಾದವನು, ಶಾಲೆಯ ಹುಡುಗಿಯರು, ಬಸ್ ಸ್ಟ್ಯಾಂಡಿನ ಜನ, ಪ್ರೆಸ್ಸಿನಲ್ಲಿ ಮದುವೆ ಕಾಗದಕ್ಕೆ ಬಂದವರು – ಎಲ್ಲರೂ ಕಂಡದ್ದು ಇದನ್ನೇ ಎಂದು ಒಬ್ಬೊಬ್ಬರಾಗಿ ನೆನಪಿಗೆ ಬಂದರು.

ಆ ವಿಡಿಯೋದಲ್ಲಿ ಒಂದು ಧ್ವನಿಯೂ ಇತ್ತು. “ಎಂತ ಇಲ್ಲ ಮಗಾ. ನಾನಿದ್ದೇನೆ. ಇಲ್ಲೇ ಇದ್ದೇನೆ. ಈಗ ಸರಿಯಾಗ್ತದೆ.” ಯಾರದು ಎಂದು ನನಗೆ ಕೂಡಲೇ ಗೊತ್ತಾಗಲಿಲ್ಲ. ಅತ್ತೆ ಎಚ್ಚರದಲ್ಲಿರುವ ನನ್ನ ಹತ್ತಿರ ಅಷ್ಟು ಮೆಲ್ಲಗೆ ಒಮ್ಮೆಯೂ ಮಾತಾಡಿರಲಿಲ್ಲ.

ಅತ್ತೆ ಆ ಸಂಜೆ ಚಹಾ ಕುಡಿಯಲಿಲ್ಲ. ರಾತ್ರಿ ಊಟಕ್ಕೆ ಕರೆದಾಗ ಬಾಗಿಲಲ್ಲಿ ನಿಂತು, “ನನ್ನ ಕೈಗೆ ಬೆಂಕಿ ಬೀಳ” ಎಂದರು. ನಾನು “ಪರವಾಗಿಲ್ಲ ಅತ್ತೆ” ಎನ್ನಬೇಕಿತ್ತು. ಎನ್ನಲಿಕ್ಕೆ ಆಗಲಿಲ್ಲ. ಎಷ್ಟೋ ದಿನ ಆ ಕುಟುಂಬದ ಯಾವ ಕಾರ್ಯಕ್ರಮಕ್ಕೂ ನಾನು ಹೋಗಲಿಲ್ಲ.

ಇವರು ಅದೇ ವಿಡಿಯೋವನ್ನು ಮಣಿಪಾಲಕ್ಕೆ ಒಯ್ದರು. ಡಾಕ್ಟರು ಅದನ್ನು ಎರಡೆರಡು ಸಲ ನೋಡಿ ಮಾತ್ರೆಯಲ್ಲಿ ಮತ್ತೊಂದು ಬದಲಾವಣೆ ಮಾಡಿದರು. ಅಲ್ಲಿಂದ ಕಡಿಮೆಯಾಗುತ್ತ ಬಂತು. ಮೊದಲು ರಾತ್ರಿಯದ್ದು ನಿಂತಿತು. ಬೆಳಿಗ್ಗೆ ಎದ್ದು ನಾಲಿಗೆಯನ್ನು ಹಲ್ಲಿಗೆ ಮುಟ್ಟಿಸಿ ನೋಡುವ ಅಭ್ಯಾಸ ಮಾತ್ರ ಉಳಿಯಿತು. ಹಗಲಿನದ್ದು ಈಗಲೂ ಪೂರ್ತಿ ಹೋಗಿಲ್ಲ. ಬರುತ್ತದೆ, ಆದರೆ ಒಂದು ಬಂದ ಮೇಲೆ ಇನ್ನೊಂದರ ಭಯ ಮರೆಯುವಷ್ಟು ಅಂತರ ಇರುತ್ತದೆ.

ಇದೆಲ್ಲ ಕಡಿಮೆಯಾಗುವ ಮೊದಲೇ, ವಾರದೊಳಗೆ, ಆ ವಿಡಿಯೋ ನೆಂಟರಿಂದ ನೆಂಟರಿಗೆ ಹೋಗಿ ಅಮ್ಮನ ಫೋನಿಗೂ ತಲುಪಿತ್ತು. ಮಣಿಪಾಲದ ಆ ದಿನದ ಬಳಿಕ ಅಮ್ಮ ಕಾರ್ಕಳಕ್ಕೆ ಕಾಲಿಟ್ಟಿರಲಿಲ್ಲ; ಫೋನಿನಲ್ಲಿಯೂ ಹೂವಿನ ದರ, ಹವೆ ಎಂದು ನಾಲ್ಕು ಮಾತಾಡಿ ಇಡುತ್ತಿದ್ದರು. ವಿಡಿಯೋ ನೋಡಿದ ಮರುದಿನ ಯಾರಿಗೂ ಹೇಳದೆ ಬಂದರು. ಗಿಡದಲ್ಲಿ ಮೊಗ್ಗು ಕೊಯ್ಯದೆ ಬಿಟ್ಟು ಬಂದಿದ್ದರು. ಅತ್ತೆ ಅವರನ್ನು ಕಂಡು, “ಬನ್ನಿ, ಬಿಸಿಲಿಗೆ ಬಂದಿರಿ” ಎಂದು ಒಳಗೆ ಬೆಲ್ಲ ನೀರು ತರಲು ಹೋದರು.

ಅಮ್ಮ ನನ್ನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ನನ್ನ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ಕಡೆ ನೋಡುತ್ತ, “ನೀನು ಸೌದೆ ಕೊಟ್ಟಿಗೆ ಹಿಂದೆ ಬೆಡ್‌ಶೀಟ್ ಹಾಕುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಅಂತ ಎಣಿಸಿದ್ದೀಯಾ?” ಎಂದರು.

“ಗೊತ್ತಿದ್ದರೆ ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ ಅಮ್ಮಾ?”

“ಅದನ್ನು ಯಾರೂ ನೋಡ್ಲಿಲ್ಲ ಅಲ್ವಾ ಮಗಾ” ಎಂದರು ಅಮ್ಮ. “ನಾಲ್ಕು ಜನ ನೋಡಿದ್ದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದೆ. ಜನ ನೋಡಿದ್ದು ಅಪರೂಪವೇ.”

ಅಮ್ಮ ಅಷ್ಟು ವರ್ಷ ಆ ಶಬ್ದವನ್ನು ಯಾವ ಅರ್ಥದಲ್ಲಿ ಹೇಳುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಕಾಯಿಲೆ ಎಷ್ಟು ಸಲ ಬರುತ್ತದೆ ಎಂದು ಡಾಕ್ಟರು ಕೇಳಿದರೆ, ನಾವು ಎಷ್ಟು ಸಲ ಜನರ ಕಣ್ಣಿಗೆ ಬಿದ್ದಿದ್ದೇವೆ ಎಂಬುದಕ್ಕೆ ಅಮ್ಮ ಉತ್ತರ ಕೊಡುತ್ತಿದ್ದರು. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಬೆಡ್‌ಶೀಟು ಮರೆಯಲ್ಲಿ ಹರವಿದವಳು ನಾನೇ ತಾನೆ? ನಾನು ಲೆಕ್ಕ ಹಿಡಿದದ್ದೂ ಅದೇ ರೀತಿಯಲ್ಲಿ.

“ನಿನ್ನೆ ಅದನ್ನು ನೋಡಿದೆ” ಎಂದರು ಅಮ್ಮ. “ನಿನ್ನ ಅತ್ತೆ ನಿನ್ನ ಹತ್ತಿರ ಹೇಳುವುದು ಕೇಳಿದೆ. ನೀನು ಮನೆಯಲ್ಲಿ ಬಿದ್ದಾಗೆಲ್ಲ ನಾನು ಮೊದಲು ಬಾಗಿಲು ಹಾಕ್ಲಿಕ್ಕೆ ಓಡುತ್ತಿದ್ದೆ.”

ಅತ್ತೆ ಒಳಗಿನಿಂದ ಕೂಗಿದರು. ನಾವು ಹೋಗಿ ಜಗಲಿಯಲ್ಲಿ ಕುಳಿತೆವು. ಬೆಲ್ಲ ನೀರು ಕುಡಿಯುತ್ತಿರುವಾಗ ಎದುರು ಮನೆಯ ಹೆಂಗಸು ಗೇಟು ತೆರೆದುಕೊಂಡು ಬಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಅತ್ತೆಯ ಆ ಮೊದಲ ಫೋನು ಕೇಳಿದವರಲ್ಲಿ ಅವಳೂ ಒಬ್ಬಳು. ಅಮ್ಮನ ಪಕ್ಕದಲ್ಲಿ ಕುಳಿತು, “ಮಗಳಿಗೆ ಈಗ ಹೇಗುಂಟು? ಬರುವುದುಂಟಾ?” ಎಂದು ಕೇಳಿದಳು.

ಅಮ್ಮನ ತುಟಿ ಅಲುಗಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು.

“ಅವಳನ್ನೇ ಕೇಳಿ” ಎಂದರು.

ನಾನು ಹೇಳಿದೆ. ಹೋದ ವಾರ ಒಮ್ಮೆ ಬಂದಿತ್ತು, ರಾತ್ರಿ ಹೊತ್ತೂ ಬರುತ್ತದೆ, ಬಂದಾಗ ಬಟ್ಟೆ ಒದ್ದೆಯಾಗುತ್ತದೆ, ಈಗ ಮಾತ್ರೆ ಬದಲಿಸಿದ್ದಾರೆ ಎಂದು. ಹೇಳಿದ ಮೇಲೆ ಮನಸ್ಸು ಹಗುರಾಯಿತು ಎಂದು ಬರೆಯುವ ಆಸೆ ನನಗೂ ಇದೆ, ಹಾಗಾಗಲಿಲ್ಲ. ಮುಖವೆಲ್ಲ ಬಿಸಿಯಾಗಿ, ಎದ್ದು ಒಳಗೆ ಹೋಗಿಬಿಡಬೇಕು ಅನಿಸಿತು. ಆದರೂ ಕುಳಿತೆ. ಆ ಹೆಂಗಸು “ಹಾಗಾ” ಎಂದು ತಲೆಯಾಡಿಸಿ, ಅತ್ತೆಯ ಕಡೆ ತಿರುಗಿ ಈ ವರ್ಷ ಹಲಸಿನ ಹಪ್ಪಳ ಮಾಡುವುದು ಯಾವಾಗ ಎಂದು ಕೇಳಿದಳು.